ಹಲ್ಲೇನು ತಾಮ್ರದ ಕೊಡಾನಲೇ ಬಸ್ಯಾ?

ಕುಷ್ಟಗಿ ಬಸ್‌ಸ್ಟ್ಯಾಂಡಿನ ಹಿಂದಿನ ಮಿರ್ಚಿ ಅಂಗಡಿ. ಮಂಡಾಳ ಒಗ್ಗರಣಿ ಬರೋದ್ರೊಳಗ ಬಸ್ಯಾ ಹಲ್ಲು ಕಿಸಿದು ತೋರಿಸಿದ.

"ಹೆಂಗದಾವ ನೋಡ್ರಿ ಕಾಕಾ? ಇದ್ದಿಲ ಪೇಸ್ಟು. ಕರೇ ಡಬ್ಬಿ, ಮುನ್ನೂರು ರೂಪಾಯಿ."

"ಮುನ್ನೂರು ಕೊಟ್ಟು ಇದ್ದಿಲು ತಂದ್ಯಾ?" ಗೌಡ್ರು ನಕ್ಕರು. "ನಮ್ಮ ಒಲ್ಯಾಗ ಪುಕ್ಕಟೆ ಇತ್ತಲ್ಲೋ. ಇದ್ದಿಲು, ಉಪ್ಪು, ತೋರುಬೆರಳು!"

"ಒಲ್ಯಾಗ ಇದ್ದಾಗ ಅದು ಹಳ್ಳಿ ಗಮಾರತನ, ಡಬ್ಬ್ಯಾಗ ಹೊಕ್ಕ ಮ್ಯಾಲ ಫ್ಯಾಶನ್," ಅಂದ ಕಾಂಪೌಂಡರ್ ಶರಣಪ್ಪ. "ನಿಮ್ದೂ ಅದಾ ಕಥಿ ಗೌಡ್ರ. ಬರೇ ಬ್ರಷ್ಷಿಂದ ಎನಾಮಲ್‌ಗೆ, ಅಂದ್ರ ಹಲ್ಲಿನ ಮ್ಯಾಲಿನ ಗಟ್ಟಿ ಪದರಿಗೆ, ಅಂಥಾದ್ದೇನೂ ಆಗಂಗಿಲ್ಲ. ಕೊರಿಯೋದು ಪುಡಿ, ಬ್ರಷ್ಷು ಅದರ ಹಿಡಿಕಿ ಅಷ್ಟ. ಪೇಸ್ಟು ಎಷ್ಟು ಕೊರಿತೈತಿ ಅಂತ ಅಳಿಯಾಕ ಆರ್‌ಡಿಎ ಅಂತ ಒಂದು ಅಂಕಿ ಐತಿ, 250 ದಾಟಬಾರ್ದು ಅಂತ ಐಎಸ್‌ಒ ನಿಯಮ, ಜಗತ್ತಿಗೆಲ್ಲ ಗುಣಮಟ್ಟದ ಅಳತಿ ಗೊತ್ತು ಮಾಡೋ ಸಂಸ್ಥಾದ್ದು. ಒಲೀ ಇದ್ದಿಲಿಗೆ ಯಾವ ಐಎಸ್‌ಒ?"

"ತಪ್ಪು ನಮ್ಮ ಭಾಷಾದ್ದು," ಮಾಸ್ತರು ಕನ್ನಡಕ ಏರಿಸಿದರು. "ಮುಸುರಿ ತಿಕ್ಕು, ಎಮ್ಮಿ ಮೈ ತಿಕ್ಕು, ಹಲ್ಲು ತಿಕ್ಕು. ಮೂರಕ್ಕೂ ಒಂದಾ ಕ್ರಿಯಾಪದ."

"ಮೂರಕ್ಕೂ ಒಂದಾ ರಟ್ಟಿ ಜೋರು ಸೈತ," ಅಂದ ಶರಣಪ್ಪ. "ಗೌಡ್ರ, ಎಡಗಡೆ ಮ್ಯಾಲಿನ ಕೋರೆಹಲ್ಲಿನ ಬುಡಕ್ಕ, ಒಸಡಿನ ಅಂಚಿನಾಗ ಉಗುರು ಆಡಿಸ್ರಿ."

ಗೌಡ್ರು ಆಡಿಸಿದರು. ಉಗುರು ಟಕ್ ಅಂತ ಸಿಕ್ಕಿತು. ಪಕ್ಕದ ಹಲ್ಲಿಗೂ ಸಿಕ್ಕಿತು.

"ಏನೋ ಇದು, ಜಾಲಿ ಗಿಡಕ್ಕ ಕೊಡಲಿ ಕಚ್ಚು ಹಾಕಿದಂಗ ಐತಿ!"

"ಬಲಗೈಲೆ ಅಡ್ಡಡ್ಡ ಎಳಿಯೋರಿಗೆ ಎಡಗಡೆನಾ ಜಾಸ್ತಿ. ಬುಡದಾಗ ಎನಾಮಲ್ ತೆಳ್ಳಗ. ಒಸಡು ಸರಿದ್ರ ಬೇರು ಬಯಲಾಗ್ತೈತಿ, ಅದಕ್ಕಂತೂ ಎನಾಮಲ್ಲಾ ಇಲ್ಲ. ತಣ್ಣೀರು ಕುಡಿದ್ರ ಜುಮ್ ಅಂತಾವಲ್ಲ, ಅದು ಇದಾ. ಹಿತ್ತಾಳಿ ಪಾತ್ರಿ ಕಲಾಯಿ ಹೋದ್ರ ಕಲಾಯಿಯವ ಬರ್ತಿದ್ದ. ಹಲ್ಲಿನ ಕಲಾಯಿ ಒಮ್ಮಿ ಹೋತಂದ್ರ ಹೋತು. ಡಾಕ್ಟರು ಕಚ್ಚಿಗೆ ಸಿಮೆಂಟ್ ತುಂಬ್ತಾರ ಖರೆ. ಕೈ ಬದಲಾಗಲಿಲ್ಲಂದ್ರ ಅದನ್ನೂ ತಿಕ್ಕಿ ಉಗುಳ್ತೀರಿ."

ಬಸ್ಯಾನ ಮಾರಿ ಸಣ್ಣದಾತು. "ಬರೋ ಸೋಮಾರ ಹೆಣ್ಣು ನೋಡಾಕ ಹೋಗೋದೈತಿ ಕಾಕಾ. ಈ ಕಂದು ಪಟ್ಟಿ ಹೋಗಲಿ ಅಂತ ಲಿಂಬಿಹಣ್ಣೂ ಹಚ್ಚಿ ತಿಕ್ಕೀನಿ."

"ಶಿವನೇ! ತಾಮ್ರದ ಕೊಡಕ್ಕ ಹುಣಸಿಹಣ್ಣು ಹಚ್ಚಿದಂಗ ಹಚ್ಚಿದ್ಯಾ? ಹುಳಿ ಬಿದ್ರ ಎನಾಮಲ್ ಮೆತ್ತಗಾಗ್ತೈತಿ. ಹುಳಿ ತಿಂದ ಮ್ಯಾಲ ನೀರು ಮುಕ್ಕಳಿಸಿ ಅರ್ಧ ತಾಸರೆ ಬಿಟ್ಟು ಬ್ರಷ್ ಮುಟ್ಟಬೇಕು. ನೀ ಮೆತ್ತಗ ಮಾಡಿ ಮಾಡಿ ಕೆತ್ತಿ! ಮತ್ತ ಆ ಪಟ್ಟಿ ಹೊಲಸಲ್ಲಲೇ. ನಮ್ಮ ಬೋರಿನ ನೀರಿನ ಫ್ಲೋರೈಡು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರ್ದು, ನಮ್ಮ ಕಡೆ ಎಷ್ಟೋ ಬೋರಿನಾಗ ದಾಟೇತಿ. ನೀ ಸಣ್ಣಾವಿದ್ದಾಗ, ಹಲ್ಲು ದವಡಿಯೊಳಗ ತಯಾರಾಗೋ ಹೊತ್ತಿಗೇ ಆ ಬಣ್ಣ ಒಳಗ ಕುಂತೈತಿ. ಸೀರಿ ನೇಯುವಾಗ ಬಿದ್ದ ಬಣ್ಣ ಒಗದ್ರ ಹೋಗ್ತೈತೇನು?"

"ಹೆಣ್ಣಿನ ಊರು ಯಾವುದಲೇ?" ಮಾಸ್ತರು ಕೇಳಿದರು.

"ಯಲಬುರ್ಗಾ ತಾಲೂಕು ರೀ."

"ಹಂಗಾರ ಅಂಜಬ್ಯಾಡ. ಆಕಿ ಹಲ್ಲೂ ನಿನ್ನಂಗ ಇರ್ತಾವ."

ನಗು ನಿಂತ ಮ್ಯಾಲ ಶರಣಪ್ಪ ಬಸ್ಯಾನ ಕೈಗೆ ಚಮಚ ಕೊಟ್ಟ. "ಹಿಡಿ, ಇದಾ ಬ್ರಷ್ಷು ಅಂತ ತಿಳ್ಕೋ. ಕುಡುಗೋಲು ಹಿಡಿದಂಗ ಅಲ್ಲ, ಪೆನ್ನು ಹಿಡಿದಂಗ. ತರೋದು ‘ಸಾಫ್ಟ್’ ಅಂತ ಬರೆದದ್ದು. ಪೇಸ್ಟು ಬಟಾಣಿ ಕಾಳಷ್ಟು. ಟಿವ್ಯಾಗಿನಂಗ ಹಾವು ಮಲಗಿಸಬ್ಯಾಡ. ಎಳಿ ಒಸಡಿನ ಕಡೆ ಓರೆ, 45 ಡಿಗ್ರಿ. ನಿಂತಲ್ಲೇ ಸಣ್ಣಗ ನಡುಗಿಸು, ಆಮ್ಯಾಲ ಒಸಡಿಂದ ತುದಿಗೆ ಒರಸು. ಎರಡು ನಿಮಿಷ, ದಿನಕ್ಕೆರಡು ಸಲ. ದಿನಾ ಒಂದಾ ಮೂಲಿಯಿಂದ ಶುರು ಮಾಡಬ್ಯಾಡ, ಮೊದಲಿನ ಜೋರೆಲ್ಲ ಅಲ್ಲೇ ಬೀಳ್ತೈತಿ. ಮೂರು ತಿಂಗಳಿಗೆ ಬ್ರಷ್ ಬದಲಿ ಮಾಡು. ಅದಕ್ಕ ಮೊದಲಾ ಎಳಿ ಕೆದರಿ ಹಳೇ ಕಸಬರಿಗಿ ಆತಂದ್ರ, ತಪ್ಪು ಬ್ರಷ್ಷಿಂದಲ್ಲ, ನಿನ್ನ ರಟ್ಟಿದು."

ಮಿರ್ಚಿ ಬಂತು. ಗೌಡ್ರು ಮುಟ್ಟಲಿಲ್ಲ, ನಾಲಿಗಿ ಕಚ್ಚಿನ ಮ್ಯಾಲಾ ಓಡಾಡ್ತಿತ್ತು.

"ನಮ್ಮವ್ವನ ತವರಿನ ಕೊಡ ಒಂದಿತ್ತು," ಅಂದರು ಕಡೀಕೆ. "ದಿನಾ ಮುಂಜಾನೆ ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕಾಕಿ. ಓಣಿಯಾಗ ಅಷ್ಟು ಹೊಳಿಯೋ ಕೊಡ ಯಾರ ಮನ್ಯಾಗೂ ಇರಲಿಲ್ಲ. ಒಂದಿನ ಬಾವಿಯಿಂದ ತುಂಬಿಕೊಂಡು ಬಂದು ಇಳಿಸಿದಳು, ತಳದಾಗಿಂದ ನೀರು ಜಿನುಗಾಕತ್ತಿತ್ತು."

ಬಸ್ಯಾ ಅವರ ಪ್ಲೇಟಿನಾಗಿನ ಲಿಂಬಿ ಹೋಳು ಸುಮ್ಮನ ತನ್ನ ಕಡೆ ಸರಿಸಿಕೊಂಡ.