ವರ್ಮಾಂಟ್‌ನಲ್ಲಿ ಮಕ್ಕಳ ಜೊತೆ ಎಲ್ಲಿ ಮನೆ ಮಾಡೋದು?

ಪ್ರಶ್ನೆ: ಜೂನ್‌ನಲ್ಲಿ ಅಮೆರಿಕದ ನ್ಯೂಜೆರ್ಸಿಯಿಂದ ವರ್ಮಾಂಟ್ ರಾಜ್ಯಕ್ಕೆ ಹೋಗುತ್ತಿದ್ದೇವೆ. ಯಜಮಾನರಿಗೆ ಬರ್ಲಿಂಗ್ಟನ್‌ನಲ್ಲಿ ಕೆಲಸ, ನನ್ನದು ಮನೆಯಿಂದಲೇ. ಮಗಳಿಗೆ 9, ಮಗನಿಗೆ 4. ಅಲ್ಲಿಂದ 50 ನಿಮಿಷ ದೂರದ ಹಳ್ಳಿಯಲ್ಲಿ 10 ಎಕರೆ ಇರುವ ಮನೆ ಸಿಕ್ಕಿದೆ. ಫೋಟೋದಲ್ಲಿ ಸ್ವರ್ಗ. ತೊಗೊಳ್ಳೋದಾ, ಊರ ಹತ್ತಿರವೇ ಇರೋದಾ?

ಉತ್ತರ (ಇಲ್ಲಿನ ಮನೆ ಏಜೆಂಟ್): ಫೋಟೋ ಯಾವ ತಿಂಗಳಿನದು ನೋಡಿದ್ರಾ? ಏಪ್ರಿಲ್ ಫೋಟೋ ಇಲ್ಲಿ ಯಾರೂ ಹಾಕುವುದಿಲ್ಲ! ಈ ರಾಜ್ಯದ ಅರ್ಧಕ್ಕಿಂತ ಜಾಸ್ತಿ ರಸ್ತೆಗೆ ಡಾಂಬರಿಲ್ಲ. ಮಾರ್ಚ್-ಏಪ್ರಿಲ್‌ನಲ್ಲಿ ಮೇಲಿನ ಮಣ್ಣು ಕರಗುತ್ತದೆ, ಕೆಳಗೆ ಇನ್ನೂ ಹೆಪ್ಪುಗಟ್ಟಿರುತ್ತದೆ. ನೀರು ಇಳಿಯಲು ಜಾಗವಿಲ್ಲ. ರಸ್ತೆ ನಾಟಿಗೆ ಹದ ಮಾಡಿದ ಗದ್ದೆಯ ಹಾಗೆ ಆಗುತ್ತದೆ. ಶಾಲೆ ಬಸ್ಸು ಮೇಲೆ ಹತ್ತದೆ, ಮಕ್ಕಳನ್ನು ಡಾಂಬರು ರಸ್ತೆವರೆಗೆ ನಾವೇ ತಂದು ಬಿಡಬೇಕಾದ ದಿನಗಳೂ ಇರುತ್ತವೆ.

ಹಾಗಾಗಿ ಮನೆ ನೋಡುವ ಮೊದಲು ರಸ್ತೆ ನೋಡಿ. ಟೌನ್ ಕ್ಲರ್ಕ್‌ಗೆ (ಊರಿನ ದಾಖಲೆ ನೋಡಿಕೊಳ್ಳುವವರು) ಫೋನ್ ಮಾಡಿ, ಆ ರಸ್ತೆ ಯಾವ ಕ್ಲಾಸ್, ಅಂದರೆ ಯಾವ ದರ್ಜೆಯದು ಅಂತ ಕೇಳಿ. ಕ್ಲಾಸ್ 3 ಆದರೆ ಟೌನಿನವರು ಹಿಮ ತೆಗೆಯುತ್ತಾರೆ. ಕ್ಲಾಸ್ 4 ಆದರೆ ತೆಗೆಯಲೇಬೇಕು ಅಂತಿಲ್ಲ.

ಯಾವ ಶಾಲೆ ಒಳ್ಳೆಯದು ಅಂತ ಮಾತ್ರ ನನ್ನನ್ನು ಕೇಳಬೇಡಿ. ಶಾಲೆ ಹೊಗಳಿದರೆ ಜನರನ್ನು ಕೆಲವು ಕಡೆಗೇ ತಳ್ಳಿದಂತೆ ಆಗಬಹುದು, ಅದಕ್ಕೇ ವಸತಿ ಭೇದಭಾವ ತಡೆಯುವ ಕಾನೂನಿಗೆ ಹೆದರಿ ನಾವು ಏಜೆಂಟರು ಬಾಯಿ ಬಿಡುವುದಿಲ್ಲ. ಆದರೆ ಶಾಲೆಯವರನ್ನು ಒಂದು ಮಾತು ಕೇಳಿ: ಇಲ್ಲಿ 6ನೇ ಕ್ಲಾಸ್ ಮುಗಿದ ಮೇಲೆ ಮಕ್ಕಳು ಎಲ್ಲಿಗೆ ಹೋಗುತ್ತಾರೆ? ಸಣ್ಣ ಊರುಗಳಲ್ಲಿ ಅಷ್ಟರ ನಂತರ ಶಾಲೆಯೇ ಇರದಿರಬಹುದು. ಅಂಥ ಊರುಗಳು ಬೇರೆ ಕಡೆ ಓದುವ ಮಕ್ಕಳ ಫೀಸು ಕಟ್ಟುವ ಪದ್ಧತಿ 1869ರಿಂದ ಇದೆ. 2025ರ ಹೊಸ ಕಾನೂನು ಯಾವ ಖಾಸಗಿ ಶಾಲೆಗೆ ಈ ದುಡ್ಡು ಸಿಗುತ್ತದೆ ಅನ್ನುವುದನ್ನು ಬಿಗಿ ಮಾಡಿದೆ. ಹಳೆ ಮಾಹಿತಿ ನಂಬಬೇಡಿ.

ಮಗನಿಗೆ ಪ್ರೀ-ಕೆ (ಶಾಲೆಗೆ ಮುಂಚಿನ ಪುಟ್ಟ ಮಕ್ಕಳ ತರಗತಿ) ವಾರಕ್ಕೆ 10 ಗಂಟೆ, ವರ್ಷಕ್ಕೆ 35 ವಾರ ಸರ್ಕಾರದ ಖರ್ಚಿನಲ್ಲಿ ಸಿಗುತ್ತದೆ. 10 ಗಂಟೆ ಅಂದರೆ ದಿನಕ್ಕೆ ಎರಡೇ ಗಂಟೆ ಅಲ್ವಾ, ನಿಮ್ಮ ಒಂದು ಮೀಟಿಂಗ್‌ಗೇ ಮುಗಿಯಿತು. ಉಳಿದ ಹೊತ್ತಿಗೆ ಡೇಕೇರ್ ಬೇಕು. ಈಗಲೇ ಹೆಸರು ಬರೆಸಿ.

ನನ್ನ ಕೇಳಿದರೆ, ಒಂದು ಚಳಿಗಾಲ ಬರ್ಲಿಂಗ್ಟನ್ ಹತ್ತಿರದ ವಿಲಿಸ್ಟನ್ ಅಥವಾ ಎಸೆಕ್ಸ್ ಜಂಕ್ಷನ್ ಕಡೆ ಬಾಡಿಗೆಗೆ ಇರಿ. ಬಾಡಿಗೆ ಮನೆ ಸಿಗುವುದೂ ಸುಲಭವಿಲ್ಲ, ಅದು ಬೇರೆ ಗೋಳು.

ಪ್ರಶ್ನೆ: ಆ ಮನೆಗೆ ಬೋರ್‌ವೆಲ್ ನೀರು, ಹಿಂದೆ ಒಂದು ಹಳ್ಳ ಇದೆ. ತೊಂದರೆನಾ?

ಉತ್ತರ: ನೀರನ್ನು ಲ್ಯಾಬ್‌ಗೆ ಕಳಿಸಿ. ಇಲ್ಲಿನ ಬಂಡೆಯಲ್ಲಿ ಕೆಲವು ಕಡೆ ಆರ್ಸೆನಿಕ್, ಯುರೇನಿಯಂ ಇರುತ್ತದೆ. ಬಣ್ಣವೂ ಇಲ್ಲ, ರುಚಿಯೂ ಇಲ್ಲ, ಕುದಿಸಿದರೂ ಹೋಗುವುದಿಲ್ಲ. ಹಳ್ಳವನ್ನಂತೂ ಕಡೆಗಣಿಸಬೇಡಿ. 2023ರ ಜುಲೈನಲ್ಲಿ ರಾಜ್ಯದ ರಾಜಧಾನಿ ಮಾಂಟ್‌ಪೀಲಿಯರ್‌ನ ಪೇಟೆಯೇ ಮುಳುಗಿತ್ತು, ಬೆಟ್ಟದ ಸಣ್ಣ ಹಳ್ಳಗಳೂ ರಸ್ತೆ ಕಿತ್ತುಕೊಂಡು ಹೋಗಿದ್ದವು. ನೆಲಮಾಳಿಗೆಯ ಗೋಡೆ ಮೇಲೆ ನೀರಿನ ಗೆರೆ ಇದೆಯಾ ಟಾರ್ಚ್ ಹಾಕಿ ನೋಡಿ.

ಪ್ರಶ್ನೆ: ಕ್ಲರ್ಕ್‌ಗೆ ಫೋನ್ ಮಾಡಿದೆ. ಕೊನೆಯ ಅರ್ಧ ಮೈಲಿ ಕ್ಲಾಸ್ 4 ಅಂತೆ 😐

ಉತ್ತರ: ಹಾಗಾದರೆ ಈಗಿನ ಓನರ್‌ಗೆ ಹಿಮ ತೆಗೆಯುವವರು ಯಾರು, ಕಳೆದ ಚಳಿಗಾಲ ಎಷ್ಟು ಕೊಟ್ಟರು ಅಂತ ಕೇಳಿ. ಆ ಅರ್ಧ ಮೈಲಿಯನ್ನು ಮಗಳ ಜೊತೆ ಒಮ್ಮೆ ನಡೆದೂ ನೋಡಿ. ಬಸ್ಸು ನಿಲ್ಲುವುದು ಅದರ ಆಚೆ ತುದಿಯಲ್ಲೇ ಇರಬಹುದು.