ಹಳೇ ಗಿಡಮರದ ಚಿತ್ರಪುಸ್ತಕ: ಹಸಿರು ಪುಡಿ ಉದುರ್ತಿದ್ರೆ? (ಪ್ರಶ್ನೋತ್ತರ)

ಕನ್ಸರ್ವೇಟರ್: ನಮಸ್ಕಾರ. ಹಳೇ ಪುಸ್ತಕ, ನಕಾಶೆ, ಕಾಗದ ಸರಿ ಮಾಡೋದೇ ನನ್ನ ಕಸುಬು, ಬಸವನಗುಡಿಲಿ ಪುಟ್ಟ ವರ್ಕ್‌ಶಾಪ್ ಇದೆ. ಅಡ್ಮಿನ್ ಕೇಳಿದ್ರು ಅಂತ ಇವತ್ತು ಗಿಡಮರದ ಚಿತ್ರ ಇರೋ ಹಳೇ ಪುಸ್ತಕಗಳ ಬಗ್ಗೆ ಪ್ರಶ್ನೆ ತಗೋತೀನಿ. ಫೋಟೋ ಹಾಕೋರು ಫ್ಲ್ಯಾಶ್ ಆಫ್ ಮಾಡಿ, ಕಿಟಕಿ ಪಕ್ಕ ಇಟ್ಟು ತೆಗೀರಿ. ರೇಟ್ ಕೇಳ್ಬೇಡಿ, ನಾನು ವ್ಯಾಪಾರ ಮಾಡಲ್ಲ.

ಹಳೇಬೀರು: ಮೇಡಂ, ಪುಟದ ತುಂಬ ಕಂದು ಚುಕ್ಕೆ. ನಿಂಬೆಹಣ್ಣಿನ ರಸ ಹಚ್ಚಿ ಬಿಸಿಲಿಗಿಟ್ರೆ ಹೋಗುತ್ತೆ ಅಂತ ಒಂದು ಫಾರ್ವರ್ಡ್ ಬಂದಿತ್ತು, ಮಾಡ್ಲಾ?

ಕನ್ಸರ್ವೇಟರ್: ಬೇಡ. ಹುಳಿ ಕಾಗದದೊಳಗೇ ಉಳ್ಕೊಳ್ಳುತ್ತೆ, ಹಚ್ಚಿದ ಜಾಗನೇ ಆಮೇಲೆ ಪುಡಿಪುಡಿ ಆಗುತ್ತೆ. ಆ ಚುಕ್ಕೆಗೆ ಫಾಕ್ಸಿಂಗ್ ಅಂತಾರೆ, ತೇವಕ್ಕೆ ಬೆಳೆಯೋ ಬೂಷ್ಟು, ಕಾಗದದಲ್ಲಿರೋ ಕಬ್ಬಿಣದ ಕಣ, ಎರಡೂ ಕಾರಣ ಇರ್ಬೋದು. ಮಳೆಗಾಲದಲ್ಲಿ ನೆನೆಯೋ ಗೋಡೆಗೆ ಬೀರು ಆನಿಸಿದ್ರೆ ನಾಕು ಬೆರಳು ಮುಂದಕ್ಕೆ ಎಳೀರಿ. ಚುಕ್ಕೆ ಇದ್ರೂ ಪುಸ್ತಕ ಬದುಕುತ್ತೆ.

ಹೊಂಗೆನೆರಳು: ಒಂದು ಶೆಲ್ಫಿಗೆ ನುಸಿಗುಳಿಗೆ ಎಷ್ಟು ಹಾಕ್ಬೇಕು?

ಕನ್ಸರ್ವೇಟರ್: ಒಂದೂ ಬೇಡ. ಪುಸ್ತಕಕ್ಕಿಂತ ಮೊದ್ಲು ಅದು ನಿಮ್ಮ ಉಸಿರಿಗೆ ಸೇರುತ್ತೆ. ಬೇವಿನೆಲೆನೂ ಬೇಡ, ಎಲೆ ಕರೆ ಕಾಗದಕ್ಕೆ ಇಳಿಯುತ್ತೆ.

ಸಂಪಿಗೆ ರೋಡ್: ಮೇಡಂ, ನಮ್ಮ ತಾತ ಅವೆನ್ಯೂ ರೋಡಲ್ಲಿ ಹುಡುಕಿ ಹುಡುಕಿ ಕೊಂಡಿದ್ದ ಪುಸ್ತಕಗಳು ನನ್ನ ಪಾಲಿಗೆ ಬಂದಿವೆ. ಅದ್ರಲ್ಲಿ ಒಂದು ಲಂಡನ್ನಲ್ಲಿ 1850ರ ಸುಮಾರಿಗೆ ಅಚ್ಚಾಗಿದ್ದು, ಮರಗಳ ಚಿತ್ರ ಇದೆ, ರಟ್ಟಿಗೆ ಗಿಣಿಹಸಿರು ಬಟ್ಟೆ, ಅದರ ಮೇಲೆ ಚಿನ್ನದ ಬಳ್ಳಿ. ರಟ್ಟು ಮುಟ್ಟಿದ್ರೆ ಬೆರಳಿಗೆ ಸಣ್ಣಗೆ ಹಸಿರು ಪುಡಿ ಅಂಟುತ್ತೆ. ಒಳಗೆ ಒಂದು ಚಿತ್ರದಲ್ಲಿ ಎಲೆ ಇರೋ ಕಡೆ ಮಾತ್ರ ಹಿಂದಿನ ಪುಟಕ್ಕೆ ಕಂದು ಇಳಿದಿದೆ. ನನ್ನ ಮಗಳಿಗೆ ಮೂರು ವರ್ಷ, ಆ ಪುಸ್ತಕ ತೊಡೆ ಮೇಲೆ ಇಟ್ಕೊಂಡೇ ಕೂತಿರ್ತಾಳೆ, ಬೆರಳು ಬಾಯಿಗೆ ಹಾಕೋ ಅಭ್ಯಾಸ ಬೇರೆ. ಒದ್ದೆ ಬಟ್ಟೇಲಿ ಒರೆಸಿದ್ರೆ ಬಣ್ಣ ನಿಲ್ಲುತ್ತಾ?

ಕನ್ಸರ್ವೇಟರ್: ಮಿಕ್ಕ ಪ್ರಶ್ನೆ ಎಲ್ಲ ಇರ್ಲಿ, ಮೊದ್ಲು ಇದಕ್ಕೆ ಹೇಳ್ತೀನಿ. ಒರೆಸ್ಬೇಡಿ. ಈಗ ಎದ್ದು ಮಗು ಕೈ, ಉಗುರು ಸಂದಿ ಸೋಪು ಹಾಕಿ ತೊಳೀರಿ, ಬಟ್ಟೆ ಬದಲಾಯಿಸಿ. ಗ್ಲೌಸ್ ಹಾಕ್ಕೊಂಡು ಪುಸ್ತಕನ ಜಿಪ್ ಇರೋ ಪ್ಲಾಸ್ಟಿಕ್ ಕವರಲ್ಲಿ ಮುಚ್ಚಿ ಮಗುಗೆ ಎಟುಕದ ಕಡೆ ಇಡಿ. ಪುಸ್ತಕ ಇಟ್ಟಿದ್ದ ಜಾಗ ಒದ್ದೆ ಟಿಶ್ಯೂಲಿ ಒರೆಸಿ ಅದನ್ನೂ ಕವರಿಗೆ ಹಾಕಿ ಬಿಸಾಕಿ, ಪೊರಕೆ, ವ್ಯಾಕ್ಯೂಮ್ ಬೇಡ, ಪುಡಿ ಏಳುತ್ತೆ. ಮಗುನ ನೋಡೋ ಡಾಕ್ಟ್ರಿಗೆ ನಾಳೆ ಅಲ್ಲ, ಇವತ್ತೇ ಫೋನ್ ಮಾಡಿ "ಆರ್ಸೆನಿಕ್ ಇರೋ ಬಣ್ಣ ಬಾಯಿಗೆ ಹೋಗಿರ್ಬೋದು" ಅಂತ ಇದೇ ಮಾತಲ್ಲಿ ಹೇಳಿ. ವಾಂತಿ, ಹೊಟ್ಟೆನೋವು, ಭೇದಿ ಇದ್ರೆ ಕಾಯದೆ ಆಸ್ಪತ್ರೆಗೆ ಹೋಗಿ.

ಯಾಕೆ ಇಷ್ಟು ಹೇಳ್ತಿದೀನಿ ಅಂದ್ರೆ, 1814ರಲ್ಲಿ ಎಮರಾಲ್ಡ್ ಗ್ರೀನ್ ಅಂತ ಒಂದು ಬಣ್ಣ ಬಂತು, ತಾಮ್ರ ಮತ್ತು ಆರ್ಸೆನಿಕ್ ಸೇರಿಸಿ ಮಾಡಿದ್ದು, ಆರ್ಸೆನಿಕ್ ಅಂದ್ರೆ ನಮ್ಮ ಪಾಷಾಣ. ಅಷ್ಟು ಜೋರು ಹಸಿರು ಅಲ್ಲಿವರೆಗೆ ಯಾರೂ ನೋಡಿರ್ಲಿಲ್ಲ, ಗೋಡೆಗೆ ಅಂಟಿಸೋ ಕಾಗದ, ಉಡೋ ಬಟ್ಟೆ ಎಲ್ಲಕ್ಕೂ ಹಾಕಿದ್ರು, 1840, 50ರ ದಶಕದಲ್ಲಿ ಪುಸ್ತಕದ ರಟ್ಟಿನ ಬಟ್ಟೆಗೂ ಬಂತು. ಗಂಜಿಲಿ ಕಲಸಿ ಬಟ್ಟೆಗೆ ಬಳಿದಿರ್ತಾರೆ, ಗಂಜಿ ಒಣಗಿ ಬಿರಿದ ಹಾಗೆ ಪುಡಿ ಏಳುತ್ತೆ, ನಿಮ್ಮ ಬೆರಳಿಗೆ ಅಂಟಿದ್ದು ಅದೇ ಇರ್ಬೋದು. ಅಮೆರಿಕದ ವಿಂಟರ್‌ಥರ್ ಮ್ಯೂಸಿಯಂನೋರು 2019ರಿಂದ ಇಂಥ ಪುಸ್ತಕಗಳನ್ನ ಹುಡುಕಿ ಪಟ್ಟಿ ಮಾಡ್ತಿದಾರೆ. ಹಾಗಂತ ಎಲ್ಲ ಹಸಿರು ರಟ್ಟೂ ವಿಷ ಅಲ್ಲ, ಕಣ್ಣಲ್ಲಿ ನೋಡಿ ನಾನೂ ಹೇಳಕ್ಕಾಗಲ್ಲ, ಎಕ್ಸ್‌ಆರ್‌ಎಫ್ ಮೆಷಿನ್, ಅಂದ್ರೆ ಎಕ್ಸ್-ರೇ ಬಿಟ್ಟು ಏನೇನು ಸೇರಿದೆ ಅಂತ ತೋರಿಸೋದು, ಹಿಡಿದು ನೋಡ್ಬೇಕು. ಚಿನ್ನದ ಶುದ್ಧತೆ ನೋಡೋ ಮೆಷಿನ್ನೂ ಇದೇ ಜಾತಿದು, ಆದ್ರೆ ದಯವಿಟ್ಟು ಒಡವೆ ಅಂಗಡಿಗೆ ತಗೊಂಡು ಹೋಗ್ಬೇಡಿ. ಟೆಸ್ಟ್ ಆಗೋವರೆಗೆ ವಿಷ ಅಂತಲೇ ಇಟ್ಕೊಳ್ಳಿ.

ಒಳಗಿನ ಚಿತ್ರದ್ದು ಬೇರೆ ತೊಂದ್ರೆ ಇರ್ಬೋದು. ತಾಮ್ರದಿಂದ ಮಾಡಿದ ಹಸಿರು ಹಚ್ಚಿದ್ರೆ ಆ ತಾಮ್ರ ನಿಧಾನಕ್ಕೆ ಕಾಗದನೇ ತಿನ್ನುತ್ತೆ, ತೇವ ಇದ್ರೆ ಇನ್ನೂ ಬೇಗ. ಒಂದ್ಸಲ ನನ್ನ ಟೇಬಲ್ಲಿಗೆ ಅತ್ತಿ ಕೊಂಬೆಯ ಹಾಳೆ ಬಂದಿತ್ತು. ಕೊಂಬೆ ಗಟ್ಟಿಯಾಗಿತ್ತು, ಕಾಯಿಯ ಕೆಂಪು ನಿನ್ನೆ ಬಳಿದ ಹಾಗಿತ್ತು, ಎಲೆಗಳು ಮಾತ್ರ ಅಂಚಿನ ಗೆರೆಗುಂಟ ಸೀಳಿದ್ವು. ಹಾಳೆ ಎತ್ತಿದೆ, ಒಂದು ಎಲೆ ಇಡಿಯಾಗಿ ಕಳಚಿ ಟೇಬಲ್ ಮೇಲೆ ಬಿತ್ತು, ಕಾಗದದಲ್ಲಿ ಎಲೆ ಆಕಾರದ ತೂತು. ಅದಕ್ಕೇ ನೀರು ಬೇಡ ಅಂತ ಬಡ್ಕೊಳ್ಳೋದು, ನೀರು ತಾಗಿದ್ರೆ ತಾಮ್ರ ಪಕ್ಕಕ್ಕೂ ಹರಿಯುತ್ತೆ. ಆ ಪುಟ ತಿರುವಬೇಡಿ, ಮಡಚಬೇಡಿ.

ಹೊಂಗೆನೆರಳು: ಅರಿಶಿನದ ನೀರು ಚಿಮುಕಿಸಿದ್ರೆ ವಿಷ ಹೀರ್ಕೊಳ್ಳುತ್ತೆ ಅಂತ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಬಂದಿದೆ, ಹಾಕ್ಲಾ ಇಲ್ಲಿ?

ಕನ್ಸರ್ವೇಟರ್: ಹಾಕ್ಬೇಡಿ. ಮಗು ವಿಷಯ ನಡೀತಿದೆ ಇಲ್ಲಿ. ಅರಿಶಿನ, ಕರ್ಪೂರ, ಸೀಮೆಎಣ್ಣೆ, ಟಾಲ್ಕಂ ಪೌಡರ್, ಯಾವ ಫಾರ್ವರ್ಡೂ ಬೇಡ.

ಗೋಡೆಚಿತ್ರ: ನನ್ನ ಸಲಹೆ, ರಟ್ಟು ಕಿತ್ತು ಬಿಸಾಕಿ, ಚೆನ್ನಾಗಿರೋ ಚಿತ್ರ ಬಿಡಿಸಿ ಫ್ರೇಮ್ ಹಾಕಿಸಿ. ನಾನು ಅದೇ ಮಾಡೋದು, ಬೀರುಲಿ ಹುಳ ತಿನ್ನೋ ಬದ್ಲು ನಾಕು ಜನ ನೋಡ್ತಾರೆ.

ಲಾಲ್‌ಬಾಗ್ ವಾಕರ್: ಸರ್, ಇದೇ ಕೆಲಸದಿಂದ ಪೂರ್ತಿ ಸೆಟ್ ಸಿಗ್ದಂಗಾಗಿರೋದು. ರಾಬರ್ಟ್ ವೈಟ್ ಸಾಹೇಬರು ಇಲ್ಲಿನ ಗಿಡಮರದ ಮೇಲೆ ತಂದ ಚಿತ್ರಪುಸ್ತಕ ಐಕೋನ್ಸ್ ಮದ್ರಾಸಲ್ಲಿ ಕಲ್ಲಚ್ಚಲ್ಲಿ ಆಗಿದ್ದು, 1853ಕ್ಕೆ ಮುಗೀತು, ಆರು ಸಂಪುಟ, 2101 ಚಿತ್ರ, ಬರೆದೋರು ರಂಗಯ್ಯ, ಗೋವಿಂದು ಅಂತ ನಮ್ಮ ದಕ್ಷಿಣದ ಕಲಾವಿದರು. ಬಿಡಿಹಾಳೆ ಮಾಡಿ ಮಾರಿದ್ರೆ ಯಾವ ಗಿಡ, ಯಾರು ಬರೆದ್ರು, ಎಲ್ಲಿ ಬೆಳೆದಿದ್ದು ಅನ್ನೋ ಮಾತು ಒಂದು ಕಡೆ, ಚಿತ್ರ ಯಾರದೋ ಡ್ರಾಯಿಂಗ್ ರೂಮಲ್ಲಿ.

ಗೋಡೆಚಿತ್ರ: ನಾನು ತಗೊಳ್ಳೋದು ಮೊದ್ಲೇ ಹರಿದಿರೋ ಪುಸ್ತಕ. ನಿಮಗೆ ಅಷ್ಟು ಕಾಳಜಿ ಇದ್ರೆ ಮೊದ್ಲೇ ಕೊಂಡು ಇಟ್ಕೋಬೇಕಿತ್ತು.

ಅವೆನ್ಯೂ ರೋಡ್ ಗಿರಾಕಿ: ಮೇಡಂ ಒಂದು ಕೇಳ್ಬೇಕು. ಮಲಬಾರಿನ ಗಿಡಮರದ ಮೇಲೆ ಡಚ್ಚರು ಮಾಡಿಸಿದ ಹಾರ್ಟಸ್ ಮಲಬಾರಿಕಸ್‌ನ ತೆಂಗಿನಮರದ ಹಾಳೆ ಕೊಂಡಿದೀನಿ, ಕಲರ್ದು, "ಒರಿಜಿನಲ್ ಕಲರ್" ಅಂತ ಹೇಳಿ ಕೊಟ್ರು. ನಂಬ್ಬೋದಾ?

ಕನ್ಸರ್ವೇಟರ್: ಅದು 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಲ್ಲಿ ಹನ್ನೆರಡು ಸಂಪುಟ ಬಂತು, ಚಿತ್ರ ಎಲ್ಲ ತಾಮ್ರದ ತಗಡಲ್ಲಿ ಕೊರೆದು ಕಪ್ಪು ಮಸೀಲಿ ಒತ್ತಿದ್ದು. ಬಣ್ಣ ಆಮೇಲೆ ಯಾರೋ ಹಾಕಿದ್ದು. ಹಾಳೆ ಅಸಲಿನಾ ಅಂತ ನೋಡೋಕೆ ಚಿತ್ರದ ಸುತ್ತ ಬೆರಳಾಡಿಸಿ, ತಗಡಿನ ಅಂಚು ಒತ್ತಿದ ತಗ್ಗು ಸಿಗ್ಬೇಕು. ಲೆನ್ಸಲ್ಲಿ ನೋಡಿದ್ರೆ ಗೆರೆ ಗೆರೆಯಾಗೇ ಕಾಣ್ಬೇಕು, ಚುಕ್ಕೆ ಚುಕ್ಕೆ ಕಂಡ್ರೆ ಈಗಿನ ಪ್ರಿಂಟು.

ಅವೆನ್ಯೂ ರೋಡ್ ಗಿರಾಕಿ: ಚುಕ್ಕೆ ಕಾಣ್ತಿದೆ. @ಗೋಡೆಚಿತ್ರ ಕೊಟ್ಟಿದ್ದು ನೀವೇ ಅಲ್ವಾ ಸರ್? ಇಲ್ಲೇ ಹೇಳಿ.

ಗೋಡೆಚಿತ್ರ: ಪ್ರೈವೇಟಾಗಿ ಮಾತಾಡೋಣ.

ಲಾಲ್‌ಬಾಗ್ ವಾಕರ್: ಯಾಕೆ ಪ್ರೈವೇಟು? ಇಷ್ಟೊತ್ತು ಎಲ್ಲರ ಮುಂದೆ ಬುದ್ಧಿ ಹೇಳ್ತಿದ್ರಲ್ಲ.

ಹಳೇಬೀರು: ಮೇಡಂ, ಅಮೆರಿಕದಲ್ಲಿರೋ ಮಗನಿಗೆ ಒಂದು ಹಳೇ ಪುಸ್ತಕ ಕಳಿಸ್ಬೇಕು, ಪರ್ಮಿಷನ್ ಬೇಕಾ?

ಗೋಡೆಚಿತ್ರ: ನನಗೆ ಮಾರಿದೋರು ಹೇಳಿದ್ದನ್ನೇ ನಾನು ಹೇಳಿದ್ದು. ಕಳ್ಳ ಅನ್ನೋ ಥರ ಮಾತಾಡ್ಬೇಡಿ.

ಅವೆನ್ಯೂ ರೋಡ್ ಗಿರಾಕಿ: ದುಡ್ಡು ವಾಪಸ್ ಕೊಡಿ, ಮಾತೇ ಬೇಡ.

ಕನ್ಸರ್ವೇಟರ್: ನಿಮ್ಮಿಬ್ಬರ ಲೆಕ್ಕ ಬೇರೆ ಕಡೆ ಇಟ್ಕೊಳ್ಳಿ, ಆ ತಾಯಿ ಮೆಸೇಜ್ ಮೇಲೆ ಹೋಗ್ಬಿಡುತ್ತೆ. ಒಂದು ಮಾತು ಮಾತ್ರ, ಬಣ್ಣದ ಹಾಳೆನ ಬಿಸಿಲು ಬೀಳೋ ಗೋಡೆಗೆ ಹಾಕಿದ್ರೆ ಬಣ್ಣ ಸತ್ತು ಹೋಗುತ್ತೆ, ಫ್ರೇಮ್ ಹಾಕಿದ ಮಾತ್ರಕ್ಕೆ ಉಳಿಸಿದ ಹಾಗಲ್ಲ.

ಜಯನಗರ ಜೋಡಿ: ಹುಳ ಸಾಯ್ಲಿ ಅಂತ ಪುಸ್ತಕ ಫ್ರಿಜ್ಜಲ್ಲಿ ಇಡ್ತಾರಂತೆ, ಇದೂ ಸುಳ್ಳಾ?

ಕನ್ಸರ್ವೇಟರ್: ಇದು ಅರ್ಧ ನಿಜ. ಗಾಳಿ ಆಡದ ಹಾಗೆ ಕವರಲ್ಲಿ ಮುಚ್ಚಿ, ಮೈನಸ್ 20 ಡಿಗ್ರಿಲಿ ಎರಡು ವಾರ ಇಟ್ಟು, ತೆಗೆದ್ಮೇಲೆ ಕವರ್ ಬಿಚ್ಚದೆ ಒಂದು ದಿನ ಹೊರಗಿಡ್ಬೇಕು. ಹಾಲು, ತರಕಾರಿ ಇಡೋ ಖಾನೇಲಿ ಇಟ್ರೆ ತೇವ ಹಿಡಿಯುತ್ತೆ ಅಷ್ಟೇ.

ಹೊಂಗೆನೆರಳು: ಹಾಗಾದ್ರೆ ನುಸಿಗುಳಿಗೆ ಬಟ್ಟೇಲಿ ಕಟ್ಟಿ ಇಟ್ರೆ?

ಕನ್ಸರ್ವೇಟರ್: ಮೇಲೆ ಓದಿ.

ಸಂಪಿಗೆ ರೋಡ್: ಮೇಡಂ, ಡಾಕ್ಟ್ರು ಈಗ್ಲೇ ಕರ್ಕೊಂಡು ಬನ್ನಿ ಅಂದ್ರು, ಆಟೋಲಿದೀವಿ. ಮಗು ಚೆನ್ನಾಗೇ ಇದ್ದಾಳೆ, ವಾಂತಿ ಏನೂ ಇಲ್ಲ. ಪುಸ್ತಕ ಕವರಲ್ಲಿ ಹಾಕಿ ಅಟ್ಟಕ್ಕೆ ಇಟ್ಟೆ.

ಕನ್ಸರ್ವೇಟರ್: ಸಮಾಧಾನ ಆಯ್ತಮ್ಮ. ರಕ್ತ, ಮೂತ್ರ ಟೆಸ್ಟ್ ಬರೆದ್ರೆ ತಪ್ಪದೆ ಮಾಡಿಸಿ. ಪುಸ್ತಕ ಶನಿವಾರ ಕವರ್ ಬಿಚ್ಚದೆ ನನ್ನ ಹತ್ರ ತನ್ನಿ, ಮಗುನ ಕರ್ಕೊಂಡು ಬರ್ಬೇಡಿ. ಆ ಎಲೆ ಚಿತ್ರ ಉಳಿಸೋ ಪ್ರಯತ್ನ ಮಾಡೋಣ.

ಸಂಪಿಗೆ ರೋಡ್: ಈಗ ನೆನಪಾಯ್ತು ಮೇಡಂ, ಅದೇ ಹಸಿರು ರಟ್ಟಿನವು ಇನ್ನೆರಡು ಇದ್ವು, ಪಾಲು ಮಾಡೋವಾಗ ಅಕ್ಕನ ಮನೆಗೆ ಹೋದ್ವು. ಅವಳ ಮಗಂಗೆ ಐದು ವರ್ಷ.

ಕನ್ಸರ್ವೇಟರ್: ಆಸ್ಪತ್ರೆ ತಲುಪೋವರೆಗೆ ಕಾಯ್ಬೇಡಿ, ಆಟೋಯಿಂದಲೇ ಅಕ್ಕಂಗೆ ಫೋನ್ ಮಾಡಿ.