ಓದು ಬಿಡುವ ಅಂಚಿನಲ್ಲಿರುವ ಮಕ್ಕಳಿಗೆ ನಾಯಕತ್ವ ತರಬೇತಿ: ಎಲ್ಲಿಂದ ಶುರು ಮಾಡಬೇಕು?

ಹೊಂಗೆನೆರಳು:
ನಮ್ಮ ಕಾಲೇಜಿನ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕದ 12 ಪದವಿ ವಿದ್ಯಾರ್ಥಿಗಳು ಪಕ್ಕದೂರಿನ ಸರ್ಕಾರಿ ಪ್ರೌಢಶಾಲೆಯ 8ನೇ ತರಗತಿ ಮಕ್ಕಳಿಗೆ ಮಾರ್ಗದರ್ಶಕರಾಗಲು ಮುಂದೆ ಬಂದಿದ್ದಾರೆ. ಮಕ್ಕಳನ್ನು ಆರಿಸುವುದು ಹೇಗೆ? ಎಷ್ಟು ವಾರ ಬೇಕು? ಭಾಷಣ ಬಿಟ್ಟು ಏನು ಮಾಡಿಸಬಹುದು?

ಕರಿಹಲಗೆ:
ಅಂಕಪಟ್ಟಿ ಬದಿಗಿಡಿ, ಹಾಜರಿ ಪುಸ್ತಕ ತೆರೆಯಿರಿ. ಸಂತೆಯ ದಿನ, ಕೊಯ್ಲಿನ ಹೊತ್ತು ಪದೇ ಪದೇ ತಪ್ಪಿಸುವವರ ಹೆಸರು ಅಲ್ಲೇ ಸಿಗುತ್ತದೆ. ಆದರೆ ಅವರನ್ನಷ್ಟೇ ಕರೆದರೆ ‘ದಡ್ಡರ ಗುಂಪು’ ಅನ್ನುವ ಹೆಸರು ಬಿದ್ದು, ಮಕ್ಕಳು ಬರುವುದನ್ನೇ ಬಿಡುತ್ತಾರೆ. 24 ಮಕ್ಕಳಲ್ಲಿ 16 ಅಂಥವರು, 8 ತಪ್ಪದೆ ಬರುವವರು ಇರಲಿ. ಒಬ್ಬ ಮಾರ್ಗದರ್ಶಕರಿಗೆ ಇಬ್ಬರು.

10 ವಾರ, ವಾರಕ್ಕೊಮ್ಮೆ 75 ನಿಮಿಷ. ಎನ್‌ಎಸ್‌ಎಸ್‌ನ ವರ್ಷದ 120 ಗಂಟೆ ಸೇವೆಯಲ್ಲಿ ತಯಾರಿ ಸೇರಿಸಿದರೂ ಇದು ಹಿಡಿಯುತ್ತದೆ. ಸೆಮಿಸ್ಟರ್ ಪರೀಕ್ಷೆಗೆ ಮುಂಚೆ ಮುಗಿಸಿ, ಕೊನೆಯ ದಿನ ಯಾವುದೆಂದು ಮೊದಲ ದಿನವೇ ಹೇಳಿ. ಹೇಳದೆ ನಿಲ್ಲಿಸಿದರೆ ಮಗುವಿಗೆ ಅದು ಕೈಬಿಟ್ಟಂತೆಯೇ.

ಸೂಜಿಮಲ್ಲಿಗೆ:
ನಾಯಕತ್ವ ಕಲಿಯುವುದು ನಿಜವಾದ ಹೊಣೆಯಿಂದ. ಮೊದಲ 3 ವಾರ ವೃತ್ತದಲ್ಲಿ ಕೂತು ಸರದಿಯಂತೆ ಸಭೆ ನಡೆಸಲಿ. ಆಮೇಲೆ ಶಾಲೆಯದೇ ಒಂದು ತೊಂದರೆ ಹಿಡಿಯಲಿ: ಚಿಲಕವಿಲ್ಲದ ಶೌಚಾಲಯ, ನೀರು ಬಾರದ ನಲ್ಲಿ. ಎಷ್ಟು ಬಾಗಿಲು, ಎಷ್ಟು ಖರ್ಚು ಎಂದು ಲೆಕ್ಕ ಹಾಕಿ, ಅರ್ಜಿ ಬರೆದು ಮುಖ್ಯಶಿಕ್ಷಕರಿಗೆ ಕೊಡಲಿ. ಅಲ್ಲಿ ಬಗೆಹರಿಯದ್ದು ಮಕ್ಕಳೇ ತಮ್ಮ ತೊಂದರೆ ಹೇಳಿಕೊಳ್ಳುವ ಪಂಚಾಯಿತಿಯ ಮಕ್ಕಳ ಗ್ರಾಮಸಭೆಗೆ ಹೋಗಲಿ.

ಕೆಲಸ ಕೆಡುವುದು ಎರಡು ಕಡೆ. ಅರ್ಜಿ ಚೆಂದ ಬರಲೆಂದು ಕಾಲೇಜಿನವರೇ ಬರೆದುಬಿಡುತ್ತಾರೆ. ತಪ್ಪಿದ್ದರೂ ಪೆನ್ನು ಮಗುವಿನ ಕೈಯಲ್ಲೇ ಇರಬೇಕು. ಇನ್ನೊಂದು, ಮಾತುಗಾರ ಹುಡುಗರು ಮೈಕು ಹಿಡಿದು ಹುಡುಗಿಯರಿಗೆ ರಂಗೋಲಿ ಉಳಿಯುತ್ತದೆ. ಮಾತು, ಅಳತೆ, ಲೆಕ್ಕ, ಬರಹ, ನಾಲ್ಕನ್ನೂ ಚೀಟಿ ಎತ್ತಿ ಹಂಚಿ, 2 ವಾರಕ್ಕೊಮ್ಮೆ ಬದಲಿಸಿ.

ಕರಿಹಲಗೆ:
ಸುರಕ್ಷತೆಯ ಮಾತು ಬಿಟ್ಟುಹೋಗಿತ್ತು. ಬಾಗಿಲು ಮುಚ್ಚಿದ ಕೋಣೆ ಬೇಡ, ಮಕ್ಕಳ ಫೋಟೊ ಸ್ಟೇಟಸ್‌ಗೆ ಬೇಡ. ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಲೇಬಾರದು: ಲೈಂಗಿಕ ದೌರ್ಜನ್ಯ ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಬಾಲ್ಯವಿವಾಹದ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ವಿದ್ಯಾರ್ಥಿಗಳೇ ಮನೆಗೆ ಹೋಗಿ ರಾಜಿ ಮಾಡಿಸಲು ಹೊರಟರೆ ಮಗುವಿಗೇ ಅಪಾಯ.

ಹೊಂಗೆನೆರಳು:
ಸಂಜೆ ಶಾಲೆ ಬಿಟ್ಟ ಮೇಲೆ ನಡೆಸಬಹುದೇ?

ಸೂಜಿಮಲ್ಲಿಗೆ:
ಬೇಡ. ದನ ಹೊಡೆದುಕೊಂಡು ಬರಬೇಕಾದವರು, ತಮ್ಮ-ತಂಗಿಯರನ್ನು ನೋಡಿಕೊಳ್ಳುವವರು ಆಗ ಮನೆಗೆ ಓಡುತ್ತಾರೆ. ನಿಮಗೆ ಬೇಕಾದ ಮಕ್ಕಳು ಅವರೇ. ಶಾಲೆಯ ವೇಳೆಯೊಳಗೇ ಎರಡು ಅವಧಿ ಕೇಳಿ ಪಡೆಯಿರಿ.